ನೀಲಿ ಅದ್ದಿದವನಿಗೆ ಕೆಂಪು ಎಲ್ಲಿಂದ ಬಂತು?

ಗಜೇಂದ್ರಗಡದ ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಕೈ ಎಂದೂ ಬೆಳ್ಳಗಿರುವುದಿಲ್ಲ. ಉಗುರಿನಲ್ಲಿ ಬಣ್ಣ, ಮೂಗು ಒರೆಸಿದರೆ ಬಣ್ಣ. ಹೀಗಾಗಿ ಬಣ್ಣಗಾರ ಅಬ್ದುಲಮಜೀದನಿಗೆ ಒಂದು ದಿನ ಮೂತ್ರ ಕೆಂಪಾಗಿ ಹೋದಾಗ ಅವನು ಹೆದರಲೇ ಇಲ್ಲ. ಆ ವಾರವೆಲ್ಲ ಕೆಂಪು ಸೆರಗಿನ ನೂಲು ಅದ್ದಿದ್ದ. ಮೈಗೆ ಇಳಿದ ಬಣ್ಣ ಹೊರಗೆ ಹೋಗುತ್ತಿದೆ ಎಂದುಕೊಂಡ. ಅವನ ಅಪ್ಪನೂ ಹಾಗೆಯೇ ಹೇಳುತ್ತಿದ್ದನಂತೆ. ಆ ಅಪ್ಪ ಏನಾಗಿ ಸತ್ತ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನೋವಿರಲಿಲ್ಲ, ಉರಿ ಇರಲಿಲ್ಲ. ಎರಡು ದಿನಕ್ಕೆ ತಾನೇ ನಿಂತಿತು. ತಿಂಗಳ ಮೇಲೆ ಮತ್ತೆ ಬಂತು.

ನಮ್ಮ ಓಣಿಯಲ್ಲಿ ಬುದ್ಧಿ ಹೇಳುವವರಿಗೇನು ಬರ? ಒಬ್ಬ ಉಷ್ಣ ಎಂದ. ಇನ್ನೊಬ್ಬ ಮಜ್ಜಿಗೆ ಕುಡಿ ಎಂದ. ಕುಡಿದ. ದವಾಖಾನೆಗೆ ಹೋಗು ಎಂದು ಒಬ್ಬನಾದರೂ ಬಾಯಿ ಬಿಡಬೇಕಲ್ಲ!

ಒಂದು ಬೆಳಿಗ್ಗೆ ಹೆಂಡತಿ ಮಕ್ತುಮಬಿ ಬಚ್ಚಲಿನ ಕಲ್ಲು ನೋಡಿ ಹೊರಗೆ ಬಂದಳು. ನೂಲು ಒಯ್ಯಲು ಬಂದ ನೇಕಾರ ಈಶಪ್ಪ ಕಟ್ಟೆಯ ಮೇಲಿದ್ದ. ಗಂಡನ ಬಾಲ್ಯದ ಗೆಳೆಯ. ಅವನ ಮುಂದೆಯೇ ಕೇಳಿಬಿಟ್ಟಳು.

"ಇವತ್ತೂ ಕೆಂಪ ಹೋಗೈತಿ. ಏನ್ರಿ ಇದು?"

"ಬಣ್ಣ ಅಂತ ಎಷ್ಟ ಸಲ ಹೇಳ್ಲಿ ನಿನಗ?"

"ಹದಿನೈದಿಪ್ಪತ್ತ ದಿನದಿಂದ ಈಶಪ್ಪಣ್ಣನ ನೀಲಿ ನೂಲ ಬಿಟ್ರ ಬ್ಯಾರೆ ಏನ ಅದ್ದೀರಿ? ಮೊಣಕೈ ಮಟಾ ನೀಲಿ ಆಗೀರಿ. ನೀಲಿ ಒಳಗ ಹೋಗಿ ಕೆಂಪ ಹ್ಯಾಂಗ ಹೊರಗ ಬರ್ತೈತಿ?"

ಮಜೀದ ತನ್ನ ಕೈ ನೋಡಿಕೊಂಡ.

ಈಶಪ್ಪ ಎದ್ದು ನಿಂತ. "ಲೇ, ನನ್ನ ನೀಲಿ ನೂಲು ಕೆಂಪ ಬಿಟ್ಟಿದ್ರ ನಿನ್ನ ಸುಮ್ನ ಬಿಡ್ತಿದ್ನೇನು? ನಡಿ ದವಾಖಾನಿಗೆ."

"ಡಾಕ್ಟರ ಮುಂದ ಇದನ್ನ ಹ್ಯಾಂಗ ಹೇಳೂದೋ? ನಾಚಿಕಿ ಆಗತೈತಿ."

"ಹಂಗಾರ ನಂದ ಅಂತ ಹೇಳ್ಲೇನು?"

ಮಕ್ತುಮಬಿ ಅಳುತ್ತಲೇ ನಕ್ಕಳು. ಮಜೀದ ಚಪ್ಪಲಿ ಮೆಟ್ಟಿದ.

ರೋಣದ ಡಾಕ್ಟರು ತಡಮಾಡದೆ ಮೀರಜಿನ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ದೀಪವಿದ್ದ ಸಣ್ಣ ಕೊಳವೆಯಿಂದ ಮೂತ್ರಚೀಲದ ಒಳಗೆ ನೋಡಿದರು. ಚೀಲದ ಮೇಲ್ಭಾಗದಲ್ಲಿ ಒಂದು ಗಂಟು. ಅದರ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್, ಅದರಲ್ಲೂ ಅಪರೂಪದ ಜಾತಿಯದು.

"ಇಂಥಾದ್ದನ್ನ ನಾನೂ ಭಾಳ ಕಡಿಮಿ ನೋಡೀನಿ," ಎಂದರು ದೊಡ್ಡ ಡಾಕ್ಟರು. "ಆದ್ರ ಒಂದ ಕಡೆ ಐತಿ, ಹಬ್ಬಿಲ್ಲ. ಅಷ್ಟ ಭಾಗ ತೆಗೀತೀವಿ."

"ಬಣ್ಣದಿಂದ ಬಂತೇನ್ರಿ?"

"ನಿಂದು ಅದರಿಂದನ ಬಂತು ಅಂತ ಹೇಳಾಕ ಬರಂಗಿಲ್ಲ. ಆದ್ರ ಕೆಲವು ಬಣ್ಣದಿಂದ ಮೂತ್ರಚೀಲಕ್ಕ ಕ್ಯಾನ್ಸರ್ ಬರತೈತಿ, ಖರೇ. ಇನ್ನ ಮ್ಯಾಲ ಬರಿಗೈ ಅದ್ದಬ್ಯಾಡ, ಕೋಲಿನಿಂದ ತಿರುವು. ಪುಡಿ ಕಲಸುವಾಗ ಮೂಗಿಗೆ ಬಟ್ಟಿ ಕಟ್ಟು."

ಆಪರೇಶನ್ ಆಯಿತು, ಮಜೀದ ಬದುಕಿದ. ಈಗ ಅವನ ಚೀಲ ಸಣ್ಣದು, ಮೇಲಿಂದ ಮೇಲೆ ಮೂತ್ರಕ್ಕೆ ಏಳಬೇಕು. ತಪಾಸಣೆಗೆ ಹೊರಟಾಗ ಈಶಪ್ಪ ಬಸ್ಸಿನಲ್ಲಿ ಕೂಗುತ್ತಾನೆ: "ಡ್ರೈವರ್ ಸಾಹೇಬ್ರ, ಜರಾ ನಿಲ್ಲಸ್ರಿ, ನಮ್ಮ ನವಾಬರು ಇಳೀತಾರ!" ಬಸ್ಸೆಲ್ಲ ನಗುತ್ತದೆ. ಅಂದು ನಾಚಿದ ಮಜೀದ ಇಂದು ತಾನೂ ನಗುತ್ತ ಇಳಿಯುತ್ತಾನೆ.

ಆದರೂ ಪ್ರತಿ ತಪಾಸಣೆಯ ದಿನ ಹೆಂಡತಿ ಬೆಳಗಿನಿಂದ ಒಂದು ತುತ್ತೂ ತಿನ್ನುವುದಿಲ್ಲ. ಮೊನ್ನೆಯೂ ಹಾಗೆಯೇ ಆಯಿತು. ಮಕ್ತುಮಬಿ ಬಾಗಿಲ ಹೊರಗೆ ನಿಂತೇ ಇದ್ದಳು. ಡಾಕ್ಟರು ಹೊರಬಂದು, "ಸ್ವಚ್ಛ ಐತಿ. ಆರ ತಿಂಗಳ ಬಿಟ್ಟ ಬರ್ರಿ," ಎಂದರು.

ಅವಳು ಅಲ್ಲೇ ಪಡಸಾಲೆಯಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. "ಈಗ ನೋಡ್ರಿ ಹಸಿವಿ ಆತು!"

ಓದುವವರೇ, ಕೇಳುವವರೇ, ಮೂತ್ರ ಕೆಂಪಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಕಲ್ಲಿರಬಹುದು, ಬೇರೆ ಬೇನೆಯಿರಬಹುದು. ಅದನ್ನು ಹೇಳಬೇಕಾದವರು ಡಾಕ್ಟರು, ಓಣಿಯ ಕಟ್ಟೆಯಲ್ಲ! ನೋವಿಲ್ಲವೆಂದು ಸುಮ್ಮನಿರಬೇಡಿ. ತಾನೇ ನಿಂತಿತೆಂದು ಮರೆಯಬೇಡಿ. ಗಂಡಸಾಗಲಿ, ಹೆಂಗಸಾಗಲಿ, ನಾಚಿಕೊಂಡು ಸಾಯಬೇಡಿ. ಒಮ್ಮೆ ಕೆಂಪು ಕಂಡರೂ ಸಾಕು. ಮಜ್ಜಿಗೆ ಆಮೇಲೆ ಕುಡಿಯಿರಿ, ಮೊದಲು ದವಾಖಾನೆಯ ಬಸ್ಸು ಹತ್ತಿರಿ.