ತೊಂಬತ್ತೊಂದು ವಾಟ್

ಹದಿನೆಂಟು ವರ್ಷ ನಾನು ವೈರಿಂಗ್ ಮಾಡಿದ ಒಂದೊಂದು ಮನೆಯ ಕಾಗದಕ್ಕೂ ಸಹಿ ಹಾಕಿದವನು ನನ್ನ ತಮ್ಮ. ಲೈಸೆನ್ಸ್ ಅವನದು, ಕೈ ನನ್ನದು. ಗೋಡೆ ಕೊರೆದು, ಪೈಪಿನೊಳಗೆ ವೈರ್ ಎಳೆದು, ಬೋರ್ಡ್ ಕೂರಿಸಿ ನಾನು ಏಣಿ ಇಳಿಯುವ ಹೊತ್ತಿಗೆ ಅವನು ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದ. “ಎಲ್ಲಿ ಸೈನ್ ಹಾಕ್ಲಿ, ಅಕ್ಕಾ?” ಅನ್ನುತ್ತಿದ್ದ. ಮನೆಯವರು ಅವನ ಕೈಗೆ ಕಾಫಿ ಕೊಟ್ಟು, ಕೆಲಸ ಅಚ್ಚುಕಟ್ಟಾಗಿದೆ ಎಂದು ಅವನನ್ನೇ ಹೊಗಳುತ್ತಿದ್ದರು. ತಮ್ಮ ಕೆಟ್ಟವನೇನಲ್ಲ. ಆದರೆ ನನಗೆ ಹೊಟ್ಟೆ ಉರಿಯುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಲೈಸೆನ್ಸ್ ಪರೀಕ್ಷೆಗೆ ಎರಡೇ ಅವಕಾಶ. ಮೊದಲನೆಯದನ್ನು ಹೋದ ವರ್ಷ ಕೈಯಾರೆ ಹಾಳು ಮಾಡಿಕೊಂಡೆ. ಮೇಜಿನ ಮೇಲೆ ಹಳೆಯ ಬಗೆಯ ಒಂದು ತಂತಿ ಬಲ್ಬು. ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟು, ಅದು ಎಳೆಯುವ ಪವರ್ ಎಷ್ಟು ವಾಟ್ ಎಂದು ಅಳೆದು ಬರೆಯಬೇಕು. ಯಾವ ಸಾಮಾನನ್ನೂ ಕರೆಂಟ್ ತೆಗೆಯದೆ ಮುಟ್ಟಿದವಳಲ್ಲ ನಾನು. ಅದೇ ಅಭ್ಯಾಸದಲ್ಲಿ ಆರಿದ ಬಲ್ಬಿಗೆ ಮೀಟರ್ ಹಚ್ಚಿದೆ. ನಲವತ್ತೆರಡು ಓಮ್ ತೋರಿಸಿತು. ಲೈನಿನ ವೋಲ್ಟ್ 230 ಎಂದುಕೊಂಡು, 230ನ್ನು 230ರಿಂದ ಗುಣಿಸಿ, 42ರಿಂದ ಭಾಗಿಸಿ, 1259 ವಾಟ್ ಎಂದು ಜಂಬದಿಂದ ಬರೆದೆ.

ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನಮ್ಮಾ, ಇದು ಬಲ್ಬಾ, ಒಲೇನಾ?”

ಮನೆಗೆ ಬಂದು ಪುಸ್ತಕ ತೆಗೆದೆ. ಬಲ್ಬಿನೊಳಗಿನ ತಂತಿ ಕಾದು ಬೆಳ್ಳಗಾದಾಗ ಅದರ ತಡೆ ಹತ್ತು ಪಟ್ಟಿಗೂ ಮೀರಿ ಏರುತ್ತದಂತೆ. ಹಾಗಾಗಿ ಬಲ್ಬು ಉರಿಯುತ್ತಿರುವಾಗಲೇ ವೋಲ್ಟನ್ನೂ ಆಂಪಿಯರನ್ನೂ ಓದಬೇಕು. ಭಾಗಿಸಿದರೆ ಓಮ್, ಗುಣಿಸಿದರೆ ವಾಟ್. ಇಷ್ಟು ಸಣ್ಣ ವಿಷಯಕ್ಕೆ ಒಂದು ವರ್ಷ ಕಳೆದುಕೊಂಡೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಇಸ್ತ್ರಿ ಪೆಟ್ಟಿಗೆ, ನೀರಿನ ಹೀಟರ್, ಅಂಗಳದ ದೀಪ, ಮನೆಯಲ್ಲಿ ಒಂದನ್ನೂ ಬಿಡದೆ ಅಳೆದೆ. “ನನಗೊಂದು ಹಚ್ಬೇಡ ಮಾರಾಯ್ತಿ ಆ ಮೀಟರ್‌ನ” ಎಂದಳು ಅಮ್ಮ.

“ಈ ವಯಸ್ಸಲ್ಲಿ ನಿಂಗ್ಯಾಕಕ್ಕಾ ಪರೀಕ್ಷೆ? ನಾನು ಸೈನ್ ಹಾಕ್ತಾ ಇಲ್ವಾ?” ಎಂದ ತಮ್ಮ. ಅದಕ್ಕೇ ಕಣೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಇನ್ನೊಂದು ಹಾಳೆ ಲೆಕ್ಕ ಮಾಡಿದೆ.

ಈ ವರ್ಷವೂ ಅದೇ ಕೋಣೆ, ಅದೇ ಪರೀಕ್ಷಕರು, ಅಂಥದೇ ಬಲ್ಬು. ಬಲ್ಬಿನ ನೆತ್ತಿಯ ಮೇಲೆ 230 ವೋಲ್ಟ್, 100 ವಾಟ್ ಎಂದು ಅಚ್ಚಾಗಿತ್ತು. ಮೀಟರುಗಳನ್ನು ಜೋಡಿಸಿ ಸ್ವಿಚ್ ಒತ್ತಿದೆ. ವೋಲ್ಟ್ ಮೀಟರಿನ ಮುಳ್ಳು 216ಕ್ಕೆ ನಿಂತಿತು, ಆಂಪಿಯರ್ 0.42. ಮೂರು ಸಲ ಓದಿದರೂ ಅಷ್ಟೇ. ಭಾಗಿಸಿದೆ, 514 ಓಮ್. ಗುಣಿಸಿದೆ, 91 ವಾಟಿಗೆ ಒಂದು ಚೂರು ಕಮ್ಮಿ. 91 ಎಂದು ಬರೆದು ಸ್ವಿಚ್ ಆರಿಸದೆ ಕೂತೆ.

ಒಬ್ಬೊಬ್ಬರ ಹಾಳೆಯನ್ನೂ ನೋಡುತ್ತ ಬಂದ ಪರೀಕ್ಷಕರು ನನ್ನ ಮೇಜಿನ ಹತ್ತಿರ ನಿಂತರು. “ಬಲ್ಬಿನ ಮೇಲೇ ನೂರು ಅಂತ ಬರೆದಿದೆಯಲ್ಲಮ್ಮಾ. ಎಲ್ಲರೂ ನೂರು ಬರೆದಿದ್ದಾರೆ. ತಿದ್ದಿಬಿಡಿ, ಪಾಸ್ ಮಾಡ್ತೀನಿ.”

ತಿದ್ದಲು ಎರಡು ಸೆಕೆಂಡೂ ಬೇಕಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಸುಳ್ಳಲ್ಲ, ಆಸೆಯಾಯಿತು.

“ಮೀಟರ್ ತೋರಿಸಿದ್ದನ್ನ ಬರೆದಿದೀನಿ ಸಾರ್” ಅಂದೆ.

ಅವರು ಕನ್ನಡಕ ಏರಿಸಿ ಬಗ್ಗಿದರು. “ಎಲ್ಲಿದೆ 216? ನೀವೇ ನೋಡಿ!” ಮುಳ್ಳು 230ರಲ್ಲಿತ್ತು. ಆಂಪಿಯರೂ 0.435ಕ್ಕೆ ಏರಿತ್ತು. ಗುಣಿಸಿದರೆ ನೂರು.

ಈ ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋಯಿತು ಅಂದುಕೊಂಡೆ. ಆಗ ಕೋಣೆ ಬೆಳಗ್ಗೆಗಿಂತ ನಿಶ್ಶಬ್ದವಾಗಿದೆ ಅನ್ನಿಸಿತು. ಪಕ್ಕದ ಕೋಣೆಯಲ್ಲಿ ಹೊಸದಾಗಿ ತಂತಿ ಸುತ್ತಿದ ಮೋಟಾರುಗಳ ವಾರ್ನಿಶ್ ಒಣಗಿಸುವ ದೊಡ್ಡ ಕರೆಂಟ್ ಓವನ್ ಇದೆ. ಬೆಳಗ್ಗೆಯಿಂದ ಗುಂಯ್‌ಗುಡುತ್ತಿದ್ದ ಅದರ ಸದ್ದು ನಿಂತಿತ್ತು. ಗಡಿಯಾರದಲ್ಲಿ ಒಂದು ಗಂಟೆ, ಊಟದ ಹೊತ್ತು. ಅಷ್ಟು ದೊಡ್ಡ ಓವನ್ ಉರಿಯುವಾಗ ಈ ಹಳೆಯ ಲೈನಿನಲ್ಲಿ ವೋಲ್ಟ್ ಇಳಿಯದೆ ಇನ್ನೇನಾಗುತ್ತದೆ?

“ಐದು ನಿಮಿಷ ಸಾರ್, ಹಾಳೆ ಮುಟ್ಬೇಡಿ” ಎಂದವಳೇ ಓಡಿದೆ.

ಮೋಟಾರ್ ಸುತ್ತುವವನು ಊಟದ ಡಬ್ಬಿ ಬಿಚ್ಚಿ ಕೂತಿದ್ದ. “ಅಣ್ಣಾ, ಐದೇ ನಿಮಿಷ ಓವನ್ ಹಾಕಿ.”

“ನೆಮ್ಮದಿಯಾಗಿ ಒಂದು ತುತ್ತು ತಿನ್ನಕ್ಕೂ ಬಿಡಲ್ವಲ್ಲ ತಾಯೀ!”

“ಕೈ ಮುಗೀತೀನಿ. ನನ್ನ ಹದಿನೆಂಟು ವರ್ಷ ಅದರ ಮೇಲಿದೆ.”

ಅವನು ನನ್ನ ಮುಖ ನೋಡಿದ. ಗೊಣಗುತ್ತಲೇ ಎದ್ದು ಎಡಗೈಯಲ್ಲಿ ಓವನ್ನಿನ ಸ್ವಿಚ್ಚಿನ ಹಿಡಿಕೆ ಎತ್ತಿದ.

ನಾನು ವಾಪಸ್ ಬಂದಾಗ ಪರೀಕ್ಷಕರು ಮೀಟರಿನ ಮೇಲೆ ಬಗ್ಗಿದ್ದರು. ಬಲ್ಬು ಕೊಂಚ ಮಂಕಾಗಿತ್ತು, ಮುಳ್ಳು 216. ಅವರು ತಾವೇ ಪೆನ್ನು ತೆಗೆದು ನನ್ನ ಹಾಳೆಯ ಅಂಚಿನಲ್ಲಿ ಗುಣಿಸಿದರು. ಮತ್ತೊಮ್ಮೆ ಗುಣಿಸಿದರು.

“ಹೋದ ವರ್ಷ ಬಲ್ಬನ್ನ ಒಲೆ ಮಾಡಿದವರು ನೀವೇ ಅಲ್ವಾ?”

“ನಾನೇ ಸಾರ್. ಆವತ್ತು ಆರಿದ್ದಾಗ ಅಳೆದಿದ್ದೆ.”

ಅವರು ಈ ಸಲ ನಗಲಿಲ್ಲ. ಸರಿ ಗುರುತು ಹಾಕಿ, ಉಳಿದವರ ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡರು.

ಲೈಸೆನ್ಸ್ ಬಂದ ವಾರದಲ್ಲೇ ಒಂದು ಹೊಸ ಮನೆಯ ಕೆಲಸ ಮುಗಿಯಿತು. ತಮ್ಮ ಎಂದಿನಂತೆ ಇಸ್ತ್ರಿ ಅಂಗಿಯಲ್ಲಿ ಬಂದು ಪೆನ್ನಿಗೆ ಕೈ ಚಾಚಿದ. “ಎಲ್ಲಿ ಹಾಕ್ಲಿ, ಅಕ್ಕಾ?”

“ನೀನು ಆ ಏಣಿ ಎತ್ತಿ ಆಚೆ ಇಡು” ಅಂದು ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ಅಕ್ಷರ ಸೊಟ್ಟಗಾದವು. ಆದರೂ ನನ್ನ ಹೆಸರೇ.

ಮನೆಯಾಕೆ ಕಾಫಿ ಲೋಟ ಹಿಡಿದು ಬಂದರು. ಅಂಗಿ ನೋಡಿ ನೇರ ತಮ್ಮನ ಕಡೆಗೇ ನಡೆದರು. ಎರಡೂ ಕೈಯಲ್ಲಿ ಏಣಿ ಹಿಡಿದಿದ್ದ ಅವನು ಗದ್ದದಿಂದ ನನ್ನ ಕಡೆ ತೋರಿಸಿದ.

“ಅಕ್ಕಂಗೆ ಕೊಡಿ. ಕೆಲಸ ಅವಳದು, ಮೊದಲಿಂದಾನೂ.”