ಮೊದಲು ಹೆಣೆದ ತೊಟ್ಟಿಲು

ಫಿಲಿಪ್ಪಾಳಿಗೂ ನನಗೂ ಒಂದೇ ವಾರ ಹೆರಿಗೆಯಾಯಿತು, ಇಬ್ಬರಿಗೂ ಏಳನೇ ತಿಂಗಳಿಗೇ. ಅವಳು ಬಿಳಿಯಳು. ನೋವು ಎಂದ ಕೂಡಲೇ ಆಸ್ಪತ್ರೆಗೆ ಸೇರಿಸಿಕೊಂಡು, ಮಗುವಿನ ಶ್ವಾಸಕೋಶ ಬಲಿಯುವ ಇಂಜೆಕ್ಷನ್ ಕೊಟ್ಟರು. ಈ ನೆಲದ ಮೂಲನಿವಾಸಿ ಮಾವೋರಿಯವಳಾದ ನನಗೆ ಅದೇ ನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಅವಳ ಮಗಳು ನಾಳೆ ಮನೆಗೆ ಹೊರಟಿದ್ದಾಳೆ. ನನ್ನ ಮಗ ಇನ್ನೂ ಗಾಜಿನ ಪೆಟ್ಟಿಗೆಯಲ್ಲಿ ಕೊಳವೆಯ ಮೂಲಕ ಉಸಿರಾಡುತ್ತಿದ್ದಾನೆ. ಹೊಟ್ಟೆ ಉರಿಯದೆ ಇನ್ನೇನು?

ವಾರ್ಡಿನ ಹೊರಗೆ ಕೂತು, ಅವನಿಗೆಂದು ಹರಾಕೆಕೆ ಎಂಬ ನಾರುಗಿಡದ ಉದ್ದನೆಯ ಎಲೆಯಲ್ಲಿ ತೊಟ್ಟಿಲಬುಟ್ಟಿ ಹೆಣೆದು ಮುಗಿಸಿದ್ದೆ. ಫಿಲಿಪ್ಪಾ ಬಂದು ಅದನ್ನು ಸವರಿದಳು.

"ಎಷ್ಟು ಚೆಂದ ಇದೆ! ನನ್ನ ಮಗಳಿಗೂ ಇಂಥದ್ದು ಸಿಗುತ್ತಾ?"

"ಇಂಜೆಕ್ಷನ್ ಸಿಕ್ತಲ್ಲ, ಸಾಲದಾ?"

ಅವಳ ಮುಖ ಕೆಂಪಾಯಿತು. ಪಕ್ಕದಲ್ಲೇ ಕೂತಿದ್ದ, ನನಗೆ ಹೆಣೆಯಲು ಕಲಿಸಿದ ಚಿಕ್ಕಮ್ಮ ವೈಮಾರೀ ನಮ್ಮ ಭಾಷೆಯಲ್ಲೇ ಗದರಿದಳು.

"ನಮ್ಮಲ್ಲಿ ಮೊಟ್ಟಮೊದಲು ಹೆಣೆದಿದ್ದನ್ನ ಇಟ್ಕೊಳ್ಳೋ ಹಾಗಿಲ್ಲ ಕಣೇ, ಯಾರಿಗಾದ್ರೂ ಕೊಡಬೇಕು. ಮರೆತುಬಿಟ್ಯಾ?"

"ಅದಕ್ಕೆ ಇವಳೇ ಆಗ್ಬೇಕಾ? ನನ್ನ ಮಗನಿಗೇನು ಮಾಡ್ಲಿ?"

ಚಿಕ್ಕಮ್ಮ ಬಾಗಿಲ ಗಾಜಿನೊಳಗಿಂದ ಅವನ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಳು.

"ಇನ್ನೊಂದು ಹೆಣಿ, ಬೇಕಾದಷ್ಟು ಟೈಮಿದೆ. ಅವತ್ತಿನ ಹಾಗೆ ನಮ್ಮನ್ನ ಮನೆಗೆ ಕಳ್ಸೋ ಅವಸರ ಈಗ ಯಾರಿಗೂ ಇಲ್ಲ."