ಸರೋವರಕ್ಕೆ ಎಷ್ಟು ಹೊತ್ತು

ಪೇಂಟರಜ್ಜ ಎಂದರೆ ಆ ಕಣಿವೆಯಲ್ಲಿ ಗೊತ್ತಿಲ್ಲದವರಿಲ್ಲ. ಬಸ್ಸು ನಿಲ್ಲುವ ಬಯಲು, ಅದರ ಮೇಲೆ ಮೇಜು ಬೆಂಚುಗಳ ಹುಲ್ಲುಗಾವಲು, ಇನ್ನೂ ಮೇಲೆ ಕಂಬಿ ಕಟ್ಟಿದ ಜಲಪಾತದ ಕಟ್ಟೆ, ಎಲ್ಲಕ್ಕಿಂತ ಮೇಲೆ ನಾಲ್ಕು ದೋಣಿಗಳಿರುವ ಸರೋವರ. ರಜೆಗೆ ಬಂದವರು ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ನಡೆಯಬೇಕು ಎಂದು ಹೇಳುವ ನೂರಾ ಹನ್ನೆರಡು ಬೋರ್ಡುಗಳೂ ಅವನ ಕೈಯವೇ. ಕಡುಗಂದು ಹಲಗೆ, ಮೇಲೆ ಹಳದಿ ಅಕ್ಷರ. ಹಿಮ ಕರಗಿದ ಕೂಡಲೇ ಬೋರ್ಡುಗಳೆಲ್ಲ ಕೆಳಗಿಳಿದು ಅವನ ಮನೆಯ ಹಿಂದಿನ ಶೆಡ್ಡಿಗೆ ಬರುತ್ತವೆ. ಅಜ್ಜ ಅವನ್ನು ಉಜ್ಜಿ, ಒರೆಸಿ, ಮತ್ತೆ ಬರೆದು ಕಳಿಸುತ್ತಾನೆ. ಅವನ ಅಕ್ಷರ ನೋಡಿ ಮಕ್ಕಳಿಗೆ ಓದು ಕಲಿಸಬಹುದು, ಅಷ್ಟು ದುಂಡಗೆ.

ಬೋರ್ಡಿನ ವಿಷಯದಲ್ಲಿ ಅಜ್ಜನದು ಒಂದೇ ನಿಯಮ: ನಡೆಯದ ದಾರಿಗೆ ಸಮಯ ಬರೆಯಬಾರದು. ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೇಳು. ಆಗಿನ ಅಧಿಕಾರಿ ನಕಾಶೆಯ ಮೇಲೆ ದಾರ ಇಟ್ಟು ಅಳೆದು ಸಮಯ ಹೇಳಿದಾಗ, 'ದಾರಕ್ಕೆ ಏದುಸಿರು ಬರಲ್ಲ ಸಾರ್' ಎಂದು, ಕೈಗಡಿಯಾರ ಕಟ್ಟಿಕೊಂಡು ಒಂದೊಂದು ದಾರಿಯನ್ನೂ ತಾನೇ ನಡೆದು ಬಂದಿದ್ದ. ಸರೋವರಕ್ಕೆ ಎರಡು ಗಂಟೆ, ಅದೂ ಎಲ್ಲೂ ಕೂರದೆ. ಈ 'ಎಲ್ಲೂ ಕೂರದೆ' ಎಂಬ ಮಾತನ್ನು ನಲವತ್ತೆರಡು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಾನೆಂದರೆ, ಅದು ಕಿವಿಗೆ ಬಿದ್ದ ಕೂಡಲೇ ಅವನ ಹೆಂಡತಿ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ.

ನಿಯಮವೇನೋ ಚಿನ್ನದಂಥದ್ದು. ಆದರೆ ಇಪ್ಪತ್ತೇಳರಲ್ಲಿ ನಡೆದ ಸಮಯವನ್ನೇ ಅಜ್ಜ ಪ್ರತಿ ವರ್ಷ ಹೊಸ ಬಣ್ಣದಲ್ಲಿ ಬರೆದುಕೊಂಡು ಬಂದ. ಯಾರಾದರೂ ಕೆದಕಿದರೆ, 'ಯಾಕೆ, ಬೆಟ್ಟ ಏನಾದ್ರೂ ಬೆಳೆದಿದೆಯಾ?' ಎಂದು ಬಾಯಿ ಮುಚ್ಚಿಸುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎಂಟು ವರ್ಷದ ಹಿಂದೆ ಮಂಡಿ ಕೈಕೊಟ್ಟು ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಮೇಲೆ ಹೋಗಿ ಬೋರ್ಡು ನಿಲ್ಲಿಸುವ ಕೆಲಸ ಬೇರೆಯವರದು, ಬರೆಯುವುದು ಮಾತ್ರ ಇವನದು. ಸಮಯ ಬದಲಾಗಲಿಲ್ಲ.

ಅವನ ಮಗಳು ಈಗ ದಾರಿಗಳ ಕಚೇರಿಗೆ ಮುಖ್ಯಸ್ಥೆ. ಆ ಗುರುವಾರ ಮಧ್ಯಾಹ್ನ ಅವಳು ಊಟಕ್ಕೆ ಬಂದವಳು ಕೈ ತೊಳೆಯದೆ ಕುರ್ಚಿಯ ತುದಿಯಲ್ಲಿ ಕೂತಳು.

"ಅಪ್ಪಾ, ನಿನ್ನೆ ಸರೋವರದ ದಾರೀಲಿ ಒಂದು ಮನೆಯವರು ಸಿಕ್ಕಿಹಾಕಿಕೊಂಡಿದ್ರು. ಗಂಡ, ಹೆಂಡತಿ, ಅವನ ತಾಯಿ. ಬೋರ್ಡು ನೋಡಿ ಮಧ್ಯಾಹ್ನ ಒಂದಕ್ಕೆ ಹೊರಟಿದ್ದಾರೆ, ಮೂರಕ್ಕೆ ಮೇಲೆ, ಐದಕ್ಕೆ ಕೆಳಗೆ ಅಂತ. ಕತ್ತಲಾಗೋ ಹೊತ್ತಿಗೆ ಇನ್ನೂ ಅರ್ಧ ದಾರೀಲಿದ್ರು. ಆ ತಾಯಿ ಕಾಲು ಉಳುಕಿದೆ. ನಮ್ಮೋರು ಹೊತ್ಕೊಂಡು ಬಂದ್ರು."

"ಅಯ್ಯೋ ಪಾಪ," ಎಂದಳು ಹೆಂಡತಿ, ಒಲೆಯ ಮುಂದಿನಿಂದ.

"ಮಧ್ಯಾಹ್ನದ ಮೇಲೆ ಯಾರಾದ್ರೂ ಬೆಟ್ಟ ಹತ್ತುತ್ತಾರಾ?" ಎಂದ ಅಜ್ಜ. "ಬುದ್ಧಿ ಬೇಡ್ವಾ?"

"ಬುದ್ಧಿ ಇತ್ತು ಅವರಿಗೆ. ಬೋರ್ಡು ಓದಿದ್ರು." ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬೆಳಗ್ಗೆ ಆ ತಾಯಿ ಕಚೇರೀಲಿ ಕಂಬಳಿ ಹೊದ್ದು ಕೂತು ಒಂದೇ ಮಾತು ಕೇಳಿದ್ರು. ಎರಡು ಗಂಟೆ ಅಂತ ಬರೆದೋರು ಯಾರಮ್ಮಾ ಅಂತ. ನನಗೆ ಹೇಳೋಕೆ ಬಾಯಿ ಬರಲಿಲ್ಲ."

ಅಜ್ಜನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ವಿಷಯ ಇಷ್ಟೇ ಆಗಿರಲಿಲ್ಲ. ಸೋಮವಾರ ಪಟ್ಟಣದಿಂದ ಮೇಲಧಿಕಾರಿ ಬರುವವರಿದ್ದರು. ನಂಬುವಂಥ ಸಮಯ ಬೋರ್ಡಿನ ಮೇಲೆ ಇಲ್ಲದಿದ್ದರೆ ಸರೋವರದ ದಾರಿಗೆ ಗೇಟು ಹಾಕಿ ಬೀಗ ಜಡಿಯುವುದೆಂದು ಬರೆದು ಕಳಿಸಿದ್ದರು. ನಕಾಶೆಯ ಲೆಕ್ಕದಲ್ಲಿ ಮೂರು ಗಂಟೆ ಹತ್ತು ನಿಮಿಷ ಬರುತ್ತದೆ, ಬೇಕಾದರೆ ಅದನ್ನೇ ಬರೆಯಿರಿ ಎಂದೂ ಸೂಚಿಸಿದ್ದರು.

"ನನ್ನ ಬೋರ್ಡು ಸುಳ್ಳು ಹೇಳಲ್ಲ," ಎಂದ ಅಜ್ಜ. "ನಾನು ನಡೆದಿದ್ದೀನಿ. ಎರಡೇ ಗಂಟೆ. ಎಲ್ಲೂ ಕೂರದೆ."

ಹೆಂಡತಿ ಪಾತ್ರೆಗೆ ಕೈ ಹಾಕಿದಳು.

"ನಡೆಯದ ದಾರಿಗೆ ಬರೀಬಾರದು ಅಂತ ಊರಿಗೆಲ್ಲ ಹೇಳಿದೋನು ನೀನೇ ಅಲ್ವಾ," ಎಂದಳು ಮಗಳು ಮೆಲ್ಲಗೆ. "ಎಂಟು ವರ್ಷದಿಂದ ನೀನು ಆ ದಾರಿ ನಡೆದಿದ್ದೀಯಾ ಅಪ್ಪಾ?"

ಅಜ್ಜನಿಗೆ ಎಲ್ಲಿಲ್ಲದ ಕೋಪ ಬಂತು. ಮಾತು ನಿಜವಾಗಿದ್ದರಿಂದ ಕೋಪ ಇನ್ನೂ ಹೆಚ್ಚಾಯಿತು. ಶನಿವಾರ ನಡೆದು ತೋರಿಸುತ್ತೇನೆ ಎಂದ. ಮಂಡಿ ಏನು ಹೇಳುತ್ತದೋ ಕೇಳಿದ್ದೀರಾ ಎಂದು ಹೆಂಡತಿ ರೇಗಿದಳು. ಯಾರನ್ನಾದರೂ ಜೊತೆಗೆ ಕಳಿಸಲೇ ಎಂದು ಮಗಳು ಕೇಳಿದಳು. ಬೇಡವೆಂದ. ಮಗಳು ತನ್ನ ಕೈಗಡಿಯಾರ ಬಿಚ್ಚಿ, ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ಎರಡನ್ನೂ ಅವನ ಮುಂದಿಟ್ಟಳು.

"ನೀನು ಏನು ಬರೆದು ತರ್ತೀಯೋ ಅದನ್ನೇ ಹಾಕಿಸ್ತೀನಿ. ನಾನು ಪರೀಕ್ಷೆ ಮಾಡಲ್ಲ," ಎಂದಳು.

ಶನಿವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ಅಜ್ಜ ಬಸ್ಸಿನ ಬಯಲಿನಿಂದ ಹೊರಟ. ಹೆಂಡತಿ ಚೀಲಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು, ಮಂಡಿಗೆ ಸುತ್ತುವ ಪಟ್ಟಿ ತುಂಬಿದ್ದಳು. ಹುಲ್ಲುಗಾವಲಿನವರೆಗೆ ದಾರಿ ಮಟ್ಟಸ. ಅಲ್ಲಿ ಮಂಜು ಕೂತ ಮೇಜುಗಳ ನಡುವೆ ಹಾಯುವಾಗ ಅಜ್ಜ ಸಿಳ್ಳೆ ಹಾಕುತ್ತಿದ್ದ. ಬೋರ್ಡು ಇಪ್ಪತ್ತು ನಿಮಿಷ ಅನ್ನುತ್ತಿತ್ತು. ಗಡಿಯಾರ ಮೂವತ್ತೆಂಟು ತೋರಿಸಿತು. ಮಗಳ ಗಡಿಯಾರ ಓಡುವುದು ಸ್ವಲ್ಪ ಜೋರಿರಬೇಕು ಅಂದುಕೊಂಡ.

ಹುಲ್ಲುಗಾವಲು ದಾಟಿದ ಮೇಲೆ ಬೆಟ್ಟ ಎದ್ದು ನಿಲ್ಲುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುವವರು ಆ ಮೆಟ್ಟಿಲುಗಳನ್ನು ಹತ್ತಿರದಿಂದ ನೋಡಬೇಕು. ಮೊದಲ ತಿರುವಿನಲ್ಲಿ ಅಜ್ಜ ಒಂದು ಕಲ್ಲಿನ ಮೇಲೆ ಕೂತ. ಸುತ್ತಮುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೂತ. ಆದರೂ ಯಾರಾದರೂ ಬಂದರೆ ಇರಲಿ ಎಂದು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಎರಡನೆಯ ಸಲ ಕೂತಾಗ, ಪಕ್ಕದ ಬೋರ್ಡಿನ ಬಣ್ಣ ಎದ್ದಿದೆಯೇನೋ ನೋಡುವವನ ಹಾಗೆ ಅದನ್ನು ಉಗುರಿನಿಂದ ಕೆರೆದ. ಮೂರನೆಯ ಸಲಕ್ಕೆ ನೆಪ ಯಾವುದೂ ಉಳಿದಿರಲಿಲ್ಲ. ಹಾಗೇ ಕೂತ. ಮಂಡಿ ತುಡಿಯುತ್ತಿತ್ತು. ಪಟ್ಟಿ ಸುತ್ತಿಕೊಂಡ.

ಜಲಪಾತದ ಕಟ್ಟೆಯಲ್ಲಿ ನಾಲ್ಕನೆಯದು. ಅಲ್ಲಿ ಕಂಬಿ ಹಿಡಿದು ನಿಂತಿದ್ದ ಒಬ್ಬ ದಪ್ಪನೆಯ ಮನುಷ್ಯ, ಪ್ರವಾಸಿಯಿರಬೇಕು, ಉಸಿರು ಎಳೆದುಕೊಳ್ಳುತ್ತ ಕೇಳಿದ. "ಯಜಮಾನ್ರೇ, ಸರೋವರ ಇನ್ನೆಷ್ಟು ದೂರ?"

ಅಜ್ಜನ ನಾಲಿಗೆಯ ತುದಿಗೆ 'ಇಲ್ಲೇ' ಬಂತು. ಬೆಟ್ಟದವರ 'ಇಲ್ಲೇ' ಎಂದರೆ ಕಣಿವೆಯಲ್ಲಿ ಹೆಸರಾದದ್ದು. ಮೂರು ತಿರುವು ಇದ್ದರೂ ಇಲ್ಲೇ, ಮೂವತ್ತು ಇದ್ದರೂ ಇಲ್ಲೇ. ಕೇಳಿದವರ ಎದೆ ಒಡೆಯಬಾರದೆಂಬ ಒಳ್ಳೆಯ ಮನಸ್ಸೇ ಅದರ ಹಿಂದಿರುವುದು. ಇಂದು ಮಾತ್ರ ಅಜ್ಜನಿಗೆ ಅದು ಹೊರಗೆ ಬರಲಿಲ್ಲ.

"ನನಗೂ ಗೊತ್ತಿಲ್ಲ ಸ್ವಾಮಿ," ಎಂದ. "ಅದನ್ನೇ ನೋಡೋಕೆ ಹೋಗ್ತಿದ್ದೀನಿ."

ಐದನೆಯ ಸಲ ಕೂತದ್ದು, ದಾರಿ ಒಮ್ಮೆ ತಗ್ಗಿಗೆ ಇಳಿಯುವ ಮುನ್ನ, ಸರೋವರಕ್ಕಿಂತ ತುಸು ಎತ್ತರದಲ್ಲಿರುವ ಒಂದು ಚಪ್ಪಟೆ ಬಂಡೆಯ ಮೇಲೆ. ಅಲ್ಲಿಂದ ಎರಡು ಶಿಖರಗಳ ನಡುವೆ ಸರೋವರದ ಒಂದು ಚೂರು ನೀಲಿಯಾಗಿ ಕಾಣುತ್ತದೆ. ನಲವತ್ತೆರಡು ವರ್ಷ ಈ ಬೆಟ್ಟಕ್ಕೆ ಬೋರ್ಡು ಬರೆದವನಿಗೆ ಆ ಚೂರು ನೀಲಿ ಗೊತ್ತೇ ಇರಲಿಲ್ಲ. ಕೂತವನಿಗೆ ಮಾತ್ರ ಕಾಣುವ ಎತ್ತರದಲ್ಲಿ ಅದು ಇತ್ತು. ಅಜ್ಜ ಬ್ರೆಡ್ಡು ತಿಂದ, ನೀರು ಕುಡಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಕೂತ.

ಆರನೆಯ ಸಲ ಕೂತು ಏಳುವಾಗ, ಸರೋವರದ ದಡದ ಚಹಾ ಅಂಗಡಿಯವಳು ಖಾಲಿ ಹಾಲಿನ ಕ್ಯಾನು ಬೀಸುತ್ತ ಇಳಿದು ಬಂದಳು. ಅಜ್ಜನನ್ನು ಕಂಡು ಕಣ್ಣರಳಿಸಿದಳು. "ಏನಜ್ಜಾ, ಇಷ್ಟು ವರ್ಷದ ಮೇಲೆ? ಬಂದೇ ಬಿಟ್ಟಿರಿ ಬಿಡಿ. ಇಲ್ಲೇ, ಹತ್ತೇ ನಿಮಿಷ."

ಮುಂದೆ ಇದ್ದದ್ದು ಮೂರು ತಿರುವು, ತೊಂಬತ್ತು ಕಲ್ಲುಮೆಟ್ಟಿಲು. ಅದು ಅಜ್ಜನಿಗೆ ಗೊತ್ತಿಲ್ಲವೇ?

"ಯಾರ ಹತ್ತು ನಿಮಿಷನಮ್ಮಾ ಅದು?" ಎಂದ.

"ನಂದೇ," ಎಂದಳು ಅವಳು ನಗುತ್ತ. "ಮತ್ತ್ಯಾರದು?"

ಅವಳು ಎರಡು ಹೆಜ್ಜೆಯಲ್ಲಿ ತಿರುವು ದಾಟಿ ಹೋದಳು. ಅಜ್ಜ ಅಲ್ಲೇ ನಿಂತ. ತನ್ನ ಎರಡು ಗಂಟೆಯೂ ಹೀಗೇ ಅಲ್ಲವೇ ಅನ್ನಿಸಿತು. ಅದು ಸುಳ್ಳಲ್ಲ. ಆದರೆ ಅದು ತನ್ನ ಎರಡು ಗಂಟೆ, ಅದೂ ಎಂದೋ ಮುಗಿದುಹೋದ ಇಪ್ಪತ್ತೇಳರದು. ಕಂಬಳಿ ಹೊದ್ದು ಕೂತ ಆ ತಾಯಿಯನ್ನು ಅವನು ಕಂಡಿರಲಿಲ್ಲ. ಈಗ ಕಣ್ಣಿಗೆ ಕಟ್ಟಿದಂತಾಯಿತು. ಅಜ್ಜನಿಗೆ ನಾಚಿಕೆಯಾಯಿತು. ಮೆಟ್ಟಿಲುಗಳ ನಡುವೆ ಏಳನೆಯ ಸಲ ಕೂತಾಗ ಎದುರಿನಿಂದ ನಾಲ್ಕು ಜನ ಬಂದರು. ಅವನು ಏಳಲಿಲ್ಲ. ಅವರೇ ಬಳಸಿಕೊಂಡು ಹೋದರು.

ಸರೋವರ ತಲುಪಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾಲ್ಕು ಗಂಟೆ ಇಪ್ಪತ್ತು ನಿಮಿಷದ ದಾರಿ.

ದಡದ ಬೆಂಚಿನಲ್ಲಿ ಪುಸ್ತಕ ತೆರೆದು ಅಜ್ಜ ಮೊದಲು ಬರೆದದ್ದು ಮೂರು ಗಂಟೆ ಎಂದು. ಯಾರು ನೋಡುತ್ತಾರೆ? ಮಗಳು ಪರೀಕ್ಷೆ ಮಾಡುವುದಿಲ್ಲ ಎಂದಿದ್ದಾಳೆ. ಮೇಲಧಿಕಾರಿಯ ನಕಾಶೆಯೂ ಹತ್ತು ನಿಮಿಷ ಆಚೀಚೆ ಅದನ್ನೇ ಹೇಳುತ್ತದೆ. ನಾಲ್ಕೂವರೆ ಹತ್ತಿರ ಬರೆದರೆ ಆಡಿಕೊಳ್ಳುವವರ ಮುಂದೆ ಜಾರಿ ಬಿದ್ದ ಹಾಗೆ. ಪೇಂಟರಜ್ಜನ ಕಾಲು ಮುಗೀತು ಎಂದು ಕಣಿವೆಯೆಲ್ಲ ಹೇಳುತ್ತದೆ. ಪೆನ್ನು ಹಿಡಿದು ತುಂಬ ಹೊತ್ತು ನೀರು ನೋಡಿದ. ಒಂದು ದೋಣಿ ಆ ದಡಕ್ಕೆ ಹೋಗಿ ವಾಪಸ್ಸು ಬಂತು.

ಆಗ ಅವನಿಗೆ ಬೇರೆಯದೇ ಒಂದು ಮಾತು ಹೊಳೆಯಿತು. ಇಪ್ಪತ್ತೇಳರ ಕಾಲು ಬೆಟ್ಟ ಹತ್ತಿದ್ದರಲ್ಲಿ ಏನು ಹೆಚ್ಚುಗಾರಿಕೆ? ಆ ವಯಸ್ಸಿನಲ್ಲಿ ಮೇಕೆಯೂ ಹತ್ತುತ್ತದೆ. ಅರವತ್ತೊಂಬತ್ತರಲ್ಲಿ, ಕೊಯ್ದು ಹೊಲಿದ ಮಂಡಿ ಇಟ್ಟುಕೊಂಡು, ಏಳು ಸಲ ಕೂತು ಏಳು ಸಲವೂ ಎದ್ದು ಇಲ್ಲಿಗೆ ಬಂದಿದ್ದೇನಲ್ಲ, ಇದನ್ನು ಹೇಳಿಕೊಳ್ಳಲು ನನಗೇಕೆ ನಾಚಿಕೆ? ಮೂರನ್ನು ಹೊಡೆದುಹಾಕಿ ಇದ್ದದ್ದನ್ನು ಇದ್ದ ಹಾಗೆ ಬರೆದ, ಕೂತ ಏಳು ಜಾಗಗಳನ್ನೂ ಗುರುತು ಹೇಳಿ ಬರೆದ. ಹೊಡೆದುಹಾಕಿದ ಮೂರು ಚೆನ್ನಾಗಿ ಕಾಣುತ್ತಿತ್ತು. ಕಾಣಲಿ ಎಂದು ಬಿಟ್ಟ.

ಇಳಿಯುವುದಕ್ಕೂ ಅಷ್ಟೇ ತಾಳ್ಮೆ ಬೇಕಾಯಿತು. ಸಂಜೆ ಮಗಳು ಮನೆಗೆ ಬಂದಾಗ ಅಜ್ಜ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. ಪುಸ್ತಕ ಚಾಚಿದ. ಅವಳು ಓದಿದಳು, ಇನ್ನೊಮ್ಮೆ ಓದಿದಳು. ನೆಲದ ಮೇಲೆ ಕೂತು ಅವನ ಮಂಡಿಗೆ ಎಣ್ಣೆ ಹಚ್ಚತೊಡಗಿದಳು.

"ಎಷ್ಟಂತೆ?" ಎಂದಳು ಹೆಂಡತಿ ಒಳಗಿನಿಂದ.

"ನಾಲ್ಕು ಇಪ್ಪತ್ತು," ಎಂದ ಅಜ್ಜ. "ಏಳು ಕಡೆ ಕೂತು."

ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಹೊರಗೆ ಬಂದಳು.

ಭಾನುವಾರವಿಡೀ ಅಜ್ಜ ಶೆಡ್ಡಿನಲ್ಲಿದ್ದ. ಹಳೆಯ ಹಲಗೆ ಸಾಲದೆಂದು ಅಗಲದ್ದೊಂದನ್ನು ಹುಡುಕಿ ತೆಗೆದ. ಉಪ್ಪುಕಾಗದದಲ್ಲಿ ಉಜ್ಜಿ, ಕಂದು ಬಳಿದು, ಒಣಗಿದ ಮೇಲೆ ಸೀಸದಕಡ್ಡಿಯಲ್ಲಿ ಗೆರೆ ಎಳೆದು, ಹಳದಿಯಲ್ಲಿ ಬರೆದ: ಸರೋವರ, ನಿಧಾನಕ್ಕೆ ನಡೆದರೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ: ದಾರಿಯಲ್ಲಿ ಕೂರಲು ಏಳು ಜಾಗ. ಅದರ ಕೆಳಗೆ: ಇಳಿಯಲು ಅಷ್ಟೇ ಹೊತ್ತು ಇಟ್ಟುಕೊಳ್ಳಿ. ಬೆಳಗ್ಗೆ ಎಂಟರ ಮೇಲೆ ಹೊರಡಬೇಡಿ.

ಸೋಮವಾರ ಹತ್ತು ಗಂಟೆಗೆ ಮೇಲಧಿಕಾರಿ ಬಸ್ಸಿನ ಬಯಲಲ್ಲಿ ಕಾರಿನಿಂದ ಇಳಿದು, ಅಜ್ಜ ಮತ್ತು ಮಗಳು ಕಾಯುತ್ತಿದ್ದ ಹೊಸ ಬೋರ್ಡಿನ ಮುಂದೆ ನೇರವಾಗಿ ನಿಂತರು. ಗೇಟಿನ ಕಾಗದ ಕಂಕುಳಲ್ಲಿತ್ತು. ಓದಿ ಮೂಗು ಮುರಿದರು.

"ಇಷ್ಟೊಂದು ಬರೆದ್ರೆ ಯಾರ್ರೀ ಹೋಗ್ತಾರೆ?" ಎಂದರು ಮಗಳಿಗೆ. "ನಕಾಶೆ ಮೂರು ಹತ್ತು ಹೇಳುತ್ತೆ. ಅದಾದ್ರೆ ಸರಿ. ಇದು ಜನಾನ ಹೆದರಿಸೋ ಬೋರ್ಡು. ಹೀಗೆ ಬರೆಯೋ ಬದಲು ಗೇಟೇ ಹಾಕೋದು ವಾಸಿ."

"ಅದನ್ನ ನಡೆದು ಬರೆದಿದೆ ಸರ್," ಎಂದಳು ಮಗಳು. "ನಮ್ಮಲ್ಲಿ ನಡೆಯದೆ ಬರೆಯಲ್ಲ."

ಅಷ್ಟರಲ್ಲಿ ಬಸ್ಸಿನಿಂದಿಳಿದ ವಯಸ್ಸಾದ ಗಂಡ ಹೆಂಡತಿ ಬೋರ್ಡಿನ ಹತ್ತಿರ ಬಂದರು. ಆಕೆಯ ಕೈಯಲ್ಲಿ ಊರುಗೋಲು. ಆತ ಕನ್ನಡಕ ಏರಿಸಿ ಜೋರಾಗಿ ಓದಿದ. ಮೇಲಧಿಕಾರಿ 'ನೋಡಿ ಈಗ' ಎನ್ನುವಂತೆ ಮಗಳ ಕಡೆ ತಿರುಗಿದರು.

"ಅಲ್ಲಾ ರೀ," ಎಂದಳು ಆಕೆ ಗಂಡನಿಗೆ, "ಹನ್ನೊಂದು ವರ್ಷದಿಂದ ಇಲ್ಲಿಗೆ ಬರ್ತಿದ್ದೀವಿ. ಎರಡು ಗಂಟೆ ಅಂತ ಓದಿ, ಅದು ಕಾಲು ಗಟ್ಟಿ ಇರೋರಿಗೆ ಅಂತ ಹುಲ್ಲುಗಾವಲಲ್ಲೇ ಕೂತು ವಾಪಸ್ ಹೋಗ್ತಿದ್ವಿ. ಇದನ್ನ ಬರೆದೋರು ನಮ್ಮಂಥೋರೇ ಇರ್ಬೇಕು. ಏಳು ಸಲ ಕೂತಿದ್ದಾರೆ. ಹಾಗಾದ್ರೆ ನಾವೂ ಹೋಗಬಹುದು."

"ಈಗಲೇನಾ?"

"ಈಗ ಹೊತ್ತಾಯ್ತು, ಬರೆದಿದೆಯಲ್ಲ. ನಾಳೆ ಆರಕ್ಕೇ ಹೊರಡೋಣ."

ಮೇಲಧಿಕಾರಿ ಬೋರ್ಡನ್ನು ಇನ್ನೊಂದು ಸಲ, ಈ ಸಲ ನಿಧಾನವಾಗಿ ಓದಿದರು. ಗೇಟಿನ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದರು. "ಯಾರು ನಡೆದಿದ್ದು ಇದನ್ನ?" ಎಂದು ಕೇಳಿದರು.

ಮಗಳು ಹೇಳಲು ಬಾಯಿ ತೆರೆದಳು. ಈ ಸಲ ಅವಳಿಗೆ ಹೇಳುವ ಹೆಮ್ಮೆಯಿತ್ತು. ಆದರೆ ಅಜ್ಜ ಅವಳಿಗಿಂತ ಮುಂಚೆ, ಬಯಲಿಗೆಲ್ಲ ಕೇಳುವ ಹಾಗೆ, ಊರುಗೋಲಿನ ಹೆಂಗಸಿಗೆ ಹೇಳಿದ.

"ನಾನೇ ತಾಯಿ, ಏಳು ಸಲ ಕೂತೋನು. ಐದನೇ ಜಾಗದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂತ್ಕೊಳ್ಳಿ. ದಾರೀಲಿ ಅಲ್ಲಿ ಕೂತ್ರೆ ಮಾತ್ರ ಸರೋವರ ಕಾಣುತ್ತೆ."